ಯಂತ್ರ ಬದಲಿಸುವ ಮುನ್ನ: ಕನ್ನಡ ವಿನ್ಯಾಸಕಾರರಿಗೆ ಕೆಲವು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ, ಬ್ಯಾನರ್ ಮಾಡುವ ಅನೇಕ ಡಿಟಿಪಿ ಅಂಗಡಿಗಳ ಕಂಪ್ಯೂಟರು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹೇಗೂ ಹೊಸದು ಕೊಳ್ಳಲೇಬೇಕಲ್ಲ, ಈ ಸಲ ಮ್ಯಾಕ್ ತೆಗೆದುಕೊಂಡರೆ ಹೇಗೆ ಎಂಬ ಯೋಚನೆ ಆಗ ಬರುತ್ತದೆ. ಲಿನಕ್ಸ್ ಹಾಕಿಕೊಂಡರೆ ಖರ್ಚೇ ಇಲ್ಲವಲ್ಲ ಎನ್ನುವವರೂ ಇದ್ದಾರೆ.

ಅಂಗಡಿಗೆ ಹೋದರೆ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಪರದೆ ಹೇಗಿದೆ ಎಂದೇ ಮಾತು ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಅದು ಸಾಕು. ಕನ್ನಡದಲ್ಲಿ ಕೆಲಸ ಮಾಡುವವರು ಮೊದಲು ತಮ್ಮ ಹಾರ್ಡ್ ಡಿಸ್ಕ್ ತೆರೆದು, ಅಲ್ಲಿರುವ ಕನ್ನಡ ಯಾವ ಕೋಡ್‌ನಲ್ಲಿ ಕೂತಿದೆ ಎಂದು ನೋಡಬೇಕು. ಕನ್ನಡ ಟೈಪ್ ಮಾಡುವ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದೆಯೋ, ಕನ್ನಡದ ಅಕ್ಷರಗಳಿಗೆ ತಮ್ಮದೇ ಕೋಡ್ ಇರುವ ಯೂನಿಕೋಡ್‌ನಲ್ಲಿದೆಯೋ? ಮಿಕ್ಕ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಪತ್ತೆ ಮಾಡುವುದು ಸುಲಭ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ‘ಕನ್ನಡ’ ಎಂದು ಬರೆದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡ್ ಚಿಹ್ನೆ ಕಂಡರೆ ಅದು ನುಡಿ ಆಸ್ಕಿ. ಪಿ ಇದ್ದ ಜಾಗದಲ್ಲಿ ಕಕಾರದ ಬುಡ, ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಬುಡ ಬರೆದಿಟ್ಟ ಫಾಂಟ್ ಅದು. ಕಂಪ್ಯೂಟರಿಗೆ ಅಲ್ಲಿ ಕನ್ನಡ ಇದೆಯೆಂದೇ ಗೊತ್ತಿಲ್ಲ. ಆ ಟಿಟಿಎಫ್ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಪೌಂಡು, ಡಿಗ್ರಿ, ಅರ್ಧ, ಕಾಲು.

ನುಡಿ ತಂತ್ರಾಂಶ ಇರುವುದು ವಿಂಡೋಸಿಗೆ. ಅದರ ಫಾಂಟುಗಳನ್ನು ಮಾತ್ರ ಮ್ಯಾಕ್‌ಗೂ ಹಾಕಿಕೊಳ್ಳಬಹುದು, ಹಳೆಯ ಫೈಲು ತೆರೆದು ನೋಡುವುದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ತಿದ್ದಲು ಹೊರಟಾಗ ಕಷ್ಟ ಶುರು. ಮ್ಯಾಕ್ ತಾನಾಗಿಯೇ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುತ್ತದೆ. ಇಂಗ್ಲಿಷಿಗೆ ಅದು ಉಪಕಾರ. ಆಸ್ಕಿ ಕನ್ನಡದಲ್ಲಿ ಸಣ್ಣಕ್ಷರ ದೊಡ್ಡದಾದರೆ ಬೇರೆಯೇ ಕನ್ನಡ ಅಕ್ಷರ ಬಂದು ಕೂರುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಈ ಸ್ವಯಂತಿದ್ದುಗಳನ್ನೆಲ್ಲ ಮೊದಲೇ ಆಫ್ ಮಾಡಿಬಿಡಿ. ಇನ್ನೂ ಸೂಕ್ಷ್ಮವಾದದ್ದೊಂದಿದೆ. 160 ಮತ್ತು 173ನೇ ಕೋಡ್ ಸ್ಥಾನಗಳು ಒಡೆಯದ ಖಾಲಿಜಾಗಕ್ಕೂ ಮರೆಯಾಗಿರುವ ಹೈಫನ್ನಿಗೂ ಮೀಸಲು. ಯಾವುದಾದರೂ ಆಸ್ಕಿ ಫಾಂಟ್ ಅಲ್ಲಿ ಅಕ್ಷರದ ತುಣುಕನ್ನು ಇಟ್ಟಿದ್ದರೆ, ಹೊಸ ತಂತ್ರಾಂಶ ಅದನ್ನು ಸದ್ದಿಲ್ಲದೆ ನುಂಗುತ್ತದೆ. ನಲವತ್ತು ಪುಟದ ಪುಸ್ತಕದಲ್ಲಿ ಒಂದೇ ಬಗೆಯ ಅಕ್ಷರ ಅಲ್ಲಲ್ಲಿ ಮಾಯವಾಗಿದ್ದರೆ ಕಾರಣ ಬಹುಶಃ ಇದೇ.

ಹಾಗಾಗಿ ಮ್ಯಾಕ್ ಕೊಳ್ಳುವ ಮೊದಲು ಈಗಿರುವ ವಿಂಡೋಸ್ ಯಂತ್ರದಲ್ಲೇ ಯೂನಿಕೋಡ್‌ಗೆ ಬದಲಾಗಿ, ಒಂದೆರಡು ತಿಂಗಳು ಅದರಲ್ಲೇ ಕೆಲಸ ಮಾಡಿ. ಕೋಡ್ ಬದಲಾವಣೆಯನ್ನೂ ಯಂತ್ರದ ಬದಲಾವಣೆಯನ್ನೂ ಒಂದೇ ವಾರದಲ್ಲಿ ಮಾಡಿದರೆ, ಒತ್ತಕ್ಷರ ಕೆಟ್ಟಾಗ ತಪ್ಪು ಯಾವುದರದ್ದೆಂದು ಹುಡುಕುವುದರಲ್ಲೇ ಗಿರಾಕಿ ಬೇರೆ ಅಂಗಡಿಗೆ ಹೋಗಿರುತ್ತಾರೆ.

ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಪ್ರೂಫ್ ನೋಡಲೇಬೇಕಾದ ಜಾಗಗಳು ಮೂರು. ಮೊದಲನೆಯದು ಅರ್ಕಾವತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ‘ಸೂರ್ಯ’ ಸರಿಯಾಗಿ ಬಂದು ‘ಅರ್ಘ್ಯ’ದಲ್ಲಿ ಪರಿವರ್ತಕ ಎಡವುವುದುಂಟು. ಎರಡನೆಯದು ನಡುನಡುವೆ ಬರುವ ಇಂಗ್ಲಿಷ್. ಬರಿಯ ಪಠ್ಯವನ್ನು ಕೊಟ್ಟರೆ ಪರಿವರ್ತಕಕ್ಕೆ ಫಾಂಟಿನ ಹೆಸರು ಕಾಣುವುದಿಲ್ಲ. ಹಾಗಾಗಿ ಇಂಗ್ಲಿಷಿನ ದೊಡ್ಡ ಸಿ ಕೂಡ ‘ಅ’ ಆಗಿಬಿಡುತ್ತದೆ. ಇಮೇಲ್ ವಿಳಾಸ, ಕಂಪನಿ ಹೆಸರುಗಳನ್ನು ಮೂಲ ಪ್ರತಿಯಿಂದ ಮತ್ತೆ ಹಾಕಬೇಕು. ಮೂರನೆಯದು ಅಂಕಿ. ನುಡಿ ಫಾಂಟಿನ ಹೆಸರಿನ ಕೊನೆಗೆ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ. ಒಳಗಿನ ಕೋಡ್ ಎರಡಕ್ಕೂ ಒಂದೇ. ಪಂಚಾಂಗ, ಲಗ್ನಪತ್ರಿಕೆ ಮಾಡುವವರು ತಾರೀಖನ್ನು ಬೆರಳಿಟ್ಟು ನೋಡಿಕೊಳ್ಳಿ.

ಈಗ ತಂತ್ರಾಂಶ. ಪುಟ ಕಟ್ಟುವ ಅಡೋಬಿಯ ಇಂಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದು ಒತ್ತು ಪಕ್ಕಕ್ಕೆ ಬಿದ್ದರೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲಿನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಎಂದಿರುತ್ತದೆ, ಅದನ್ನು ಆರಿಸಿ. ಪ್ರತಿ ಪುಟಕ್ಕೂ ಇದನ್ನೇ ಮಾಡುತ್ತ ಕೂರುವ ಬದಲು ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಶನ್ ವಿಭಾಗದಲ್ಲಿ ಒಮ್ಮೆ ಸೇರಿಸಿ. ಇಲಸ್ಟ್ರೇಟರ್‌ನಲ್ಲಾದರೆ ಪ್ರಿಫರೆನ್ಸಸ್, ಟೈಪ್, ಅಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸು ಎಂಬುದಕ್ಕೆ ಟಿಕ್ ಹಾಕಿದರೆ ಭಾರತೀಯ ಲಿಪಿಯ ಕಂಪೋಸರ್ ಮೆನುವಿನಲ್ಲಿ ಕಾಣುತ್ತದೆ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ಇದು ಒಂದೇ. ಅಡೋಬಿ ಚಂದಾ ಕೂಡ ಎರಡಕ್ಕೂ ನಡೆಯುತ್ತದೆ. ಎರಡು ಯಂತ್ರಗಳಲ್ಲಿ ಸಕ್ರಿಯವಾಗಿಟ್ಟುಕೊಂಡು ಒಂದು ಹೊತ್ತಿಗೆ ಒಂದರಲ್ಲಿ ಕೆಲಸ ಮಾಡಬಹುದು. ಪೂರಾ ಅಡೋಬಿಯಲ್ಲೇ, ಪೂರಾ ಯೂನಿಕೋಡ್‌ನಲ್ಲೇ ಇರುವವರಿಗೆ ವೇದಿಕೆ ಬದಲಿಸುವುದು ನಿಜಕ್ಕೂ ಸಲೀಸು.

ಕೋರೆಲ್‌ಡ್ರಾ ನಂಬಿಕೊಂಡವರ ಪಾಡು ಬೇರೆ. ಬಹುಕಾಲ ಮ್ಯಾಕ್ ಕಡೆ ತಲೆ ಹಾಕದಿದ್ದ ಕೋರೆಲ್ 2019ರಲ್ಲಿ ಮತ್ತೆ ಅಲ್ಲಿಗೆ ಬಂತು. ಆದರೆ ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟುಕೊಂಡ ವಿಬಿಎ ಮ್ಯಾಕ್ರೊಗಳು, ಅಂದರೆ ಒಂದು ಗುಂಡಿಗೆ ಹಲವು ಕೆಲಸ ಮಾಡಿಸುವ ಪುಟ್ಟ ಪ್ರೋಗ್ರಾಮುಗಳು, ಅಲ್ಲಿ ಓಡುವುದಿಲ್ಲ. ವಿಸಿಟಿಂಗ್ ಕಾರ್ಡನ್ನು ಹಾಳೆ ತುಂಬ ಜೋಡಿಸುವುದು, ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕುವುದು ಎಲ್ಲವನ್ನೂ ಮ್ಯಾಕ್ರೊ ಒತ್ತಿಯೇ ಮಾಡುವ ಅಂಗಡಿಗೆ ಇದು ಸಣ್ಣ ನಷ್ಟವೇನಲ್ಲ.

ಇನ್ನು ಪೇಜ್‌ಮೇಕರ್. ನಗಬೇಡಿ, ಇವತ್ತಿಗೂ ಅದರಲ್ಲೇ ಪುಟ ಕಟ್ಟುವವರಿದ್ದಾರೆ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, ಇಂದಿನ ಮ್ಯಾಕ್‌ನಲ್ಲಿ ಅದು ಏಳುವುದೂ ಇಲ್ಲ. ಪೇಜ್‌ಮೇಕರ್ ಕಡತ ತೆರೆಯಬಲ್ಲ ಕೊನೆಯ ಇಂಡಿಸೈನ್ ಎಂದರೆ ಸಿಎಸ್6. ಮುಂದಿನ ಸಿಸಿ ಆವೃತ್ತಿಗಳು ಅದನ್ನು ಮುಟ್ಟುವುದಿಲ್ಲ. ಹಳೆಯ ಪುಸ್ತಕಗಳ ಮರುಮುದ್ರಣ ಬರಬಹುದೆಂದಿದ್ದರೆ, ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಪ್ರತಿ ಪುಸ್ತಕದ ಪಿಡಿಎಫ್ ಒಂದು, ಹೊರತೆಗೆದ ಪಠ್ಯ ಒಂದು, ಬಳಸಿದ ಫಾಂಟುಗಳ ಫೋಲ್ಡರ್ ಒಂದು ಮಾಡಿಟ್ಟುಕೊಳ್ಳಿ.

ಬೆರಳಿನ ಅಭ್ಯಾಸದ ವಿಷಯ ಹೇಳದಿದ್ದರೆ ಆಗದು. ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು, ಟೈಪ್ ಮಾಡುವವರ ಕೈಗೆ ಹತ್ತಿಹೋಗಿದೆ. ಇಂಗ್ಲಿಷಿನ ಎಫ್ ಕೀಲಿ ಒತ್ತಿದರೆ ಒತ್ತಕ್ಷರ. ಇಂಗ್ಲಿಷಿನ ಐ ಒತ್ತಿದರೆ ಪದದ ಮೊದಲಲ್ಲಿ ‘ಇ’, ವ್ಯಂಜನದ ನಂತರ ಗುಡಿಸು. ಮ್ಯಾಕ್ ಜೊತೆಗೆ ಬರುವ ಇನ್‌ಸ್ಕ್ರಿಪ್ಟ್, ಕ್ವರ್ಟಿ ಕನ್ನಡ ಕೀಲಿಮಣೆಗಳಲ್ಲಿ ಬೆರಳು ತಡವರಿಸುತ್ತದೆ. ಉಕೆಲೀಲಿ ಎಂಬ ಉಚಿತ ಸಾಧನದಿಂದ ಸ್ವಂತ ವಿನ್ಯಾಸ ಮಾಡಿಕೊಳ್ಳಬಹುದು. ಆದರೆ ಐ ಒಂದೇ ಕೀಲಿ ಜಾಗ ನೋಡಿ ಸ್ವರವೋ ಗುಣಿತವೋ ಎಂದು ತೀರ್ಮಾನಿಸುವ ಜಾಣತನವನ್ನು ಅದರಲ್ಲಿ ತರಲು ಸಾಕಷ್ಟು ಒದ್ದಾಡಬೇಕು. ತಮಾಷೆಯೆಂದರೆ ಲಿನಕ್ಸ್‌ನಲ್ಲಿ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ಇದೇ ಬಗೆಯ ವಿನ್ಯಾಸ, ಸಿದ್ಧವಾಗಿಯೇ ಸಿಗುತ್ತದೆ. ದುಡ್ಡು ಕೊಟ್ಟು ಕೊಂಡದ್ದರಲ್ಲಿಲ್ಲದ ಅನುಕೂಲ ಪುಕ್ಕಟೆ ಬಂದದ್ದರಲ್ಲಿದೆ.

ಮ್ಯಾಕ್‌ನೊಳಗೇ ವಿಂಡೋಸ್ ಹಾಕಿಕೊಂಡರಾಯಿತಲ್ಲ ಎಂದು ಯಾರಾದರೂ ಸಲಹೆ ಕೊಟ್ಟಿರುತ್ತಾರೆ. ಇಂಟೆಲ್ ಮ್ಯಾಕ್‌ನಲ್ಲಿದ್ದ ಬೂಟ್ ಕ್ಯಾಂಪ್, 2020ರ ಕೊನೆಯಿಂದ ಬರುತ್ತಿರುವ ಎಂ ಸರಣಿಯ ಮ್ಯಾಕ್‌ಗಳಲ್ಲಿ ಇಲ್ಲ. ಪ್ಯಾರಲಲ್ಸ್‌ನಂಥ ತಂತ್ರಾಂಶದೊಳಗೆ ಆರ್ಮ್ ವಿಂಡೋಸ್ 11, ಅಂದರೆ ಎಂ ಸರಣಿಯಂಥ ಆರ್ಮ್ ಪ್ರೊಸೆಸರಿಗೆ ಮಾಡಿದ ವಿಂಡೋಸ್, ಓಡುತ್ತದೆ, ಸಾಧಾರಣ ವಿಂಡೋಸ್ ಪ್ರೋಗ್ರಾಮುಗಳೂ ಅದರಲ್ಲಿ ನಡೆಯುತ್ತವೆ. ಡ್ರೈವರುಗಳದ್ದೇ ತಕರಾರು. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಹಳೆಯ ಕನ್ನಡ ತಂತ್ರಾಂಶ ನಿಮ್ಮಲ್ಲಿದ್ದು, ಆ ಡಾಂಗಲ್‌ಗೆ ಆರ್ಮ್ ಡ್ರೈವರ್ ಇಲ್ಲದಿದ್ದರೆ ಬೀಗ ತೆರೆಯುವುದಿಲ್ಲ. ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್, ಹಳೆಯ ಪ್ರಿಂಟರ್ ಎಲ್ಲಕ್ಕೂ ಇದೇ ಮಾತು. ಮತ್ತೊಂದು: ಆ ಕಿಟಕಿಯೊಳಗಿನ ನುಡಿ ಆ ಕಿಟಕಿಯೊಳಗೆ ಮಾತ್ರ ಟೈಪ್ ಮಾಡುತ್ತದೆ, ಮ್ಯಾಕ್‌ನ ಇಂಡಿಸೈನ್‌ಗೆ ಅದರ ಕೈ ಎಟುಕುವುದಿಲ್ಲ. ಬೂಟ್ ಕ್ಯಾಂಪ್ ಆಸೆಗೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಹುಡುಕುವವರು ಇದನ್ನು ತಿಳಿದಿರಲಿ: 2025ರಲ್ಲಿ ಬಂದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದೆಂದು ಆಪಲ್ ಹೇಳಿಬಿಟ್ಟಿದೆ.

ಪ್ರೆಸ್ಸಿಗೆ ಫೈಲು ಕೊಡುವಾಗ ಆಗುವ ಫಜೀತಿ ನೋಡಿ. ವಿಂಡೋಸಿನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಪೆನ್‌ಡ್ರೈವನ್ನು ಎರಡಕ್ಕೂ ಒಗ್ಗುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಮ್ಯಾಕ್‌ನಿಂದ ಅದಕ್ಕೆ ಪಿಡಿಎಫ್ ಹಾಕಿದರೆ, ಅದೇ ಹೆಸರಿನ ಹಿಂದೆ ಚುಕ್ಕೆ ಮತ್ತು ಅಡಿಗೆರೆ ಸೇರಿದ, ನಾಲ್ಕಾರು ಕೆಬಿಯ ಇನ್ನೊಂದು ಫೈಲೂ ಹೋಗಿ ಕೂರುತ್ತದೆ. ಮ್ಯಾಕ್‌ನಲ್ಲಿ ಅದು ಕಾಣುವುದಿಲ್ಲ, ಪ್ರೆಸ್ಸಿನ ವಿಂಡೋಸ್‌ನಲ್ಲಿ ಕಾಣುತ್ತದೆ. ಅಲ್ಲಿನವರು ಅದನ್ನೇ ಕ್ಲಿಕ್ ಮಾಡಿ ‘ಫೈಲ್ ಕರಪ್ಟ್ ಆಗಿದೆ ಸಾರ್’ ಎಂದು ಫೋನ್ ಮಾಡುತ್ತಾರೆ. ದೊಡ್ಡ ಫೈಲನ್ನು ತೆರೆಯಿರಿ ಎಂದು ಮೊದಲೇ ಹೇಳಿಬಿಡಿ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಕ್ಷೇಮ. ದೀರ್ಘ, ಏತ್ವ, ಓತ್ವಗಳಿರುವ ಕನ್ನಡ ಹೆಸರನ್ನು ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ರೀತಿ ಬಿಡಿಸಿ ಬರೆದಿಟ್ಟುಕೊಂಡಾಗ, ಪುಟದ ಚಿತ್ರಗಳ ಲಿಂಕು ತಪ್ಪುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಫೋಲ್ಡರ್ ಕಾಪಿ. ವಿಂಡೋಸ್‌ನಲ್ಲಿ ಒಂದೇ ಹೆಸರಿನ ಫೋಲ್ಡರ್ ಮೇಲೆ ಇನ್ನೊಂದನ್ನು ಹಾಕಿದರೆ ಎರಡೂ ಕೂಡಿಕೊಳ್ಳುತ್ತವೆ. ಮ್ಯಾಕ್‌ನ ಫೈಂಡರ್ ಕೇಳಿದ್ದಕ್ಕೆ ‘ರಿಪ್ಲೇಸ್’ ಎಂದಿರೋ, ಹಳೆಯ ಫೋಲ್ಡರಿನಲ್ಲಿದ್ದದ್ದೆಲ್ಲ ಹೋಗಿ ಹೊಸದು ಮಾತ್ರ ಉಳಿಯುತ್ತದೆ. ವಿಂಡೋಸ್ ಅಭ್ಯಾಸದ ಕೈ ಅವಸರದಲ್ಲಿ ಅದನ್ನೇ ಒತ್ತುತ್ತದೆ. ಹೊಸಬರಿಗೆ ಕಮಾಂಡ್ ಕೀಲಿಗಿಂತ ಮೊದಲು ಕಲಿಸಬೇಕಾದದ್ದು ಇದು.

ದುಡ್ಡಿನ ಲೆಕ್ಕಕ್ಕೆ ಬಂದರೆ, 2024ರ ನವೆಂಬರಿನಲ್ಲಿ ಬಂದ ಎಂ4 ಮ್ಯಾಕ್ ಮಿನಿ ನಮ್ಮಲ್ಲಿ 59,900 ರೂಪಾಯಿಗೆ ಶುರುವಾಯಿತು. 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ. ಪರದೆ, ಕೀಬೋರ್ಡ್, ಮೌಸ್ ಅದರಲ್ಲಿ ಸೇರಿಲ್ಲ, ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳಲೂ ಆಗದು. ಅಂಗಡಿಯಲ್ಲಿರುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರನ್ನೇ ಜೋಡಿಸುತ್ತೇನೆಂದರೆ ಸಣ್ಣ ಕನ್ನಡ ಅಕ್ಷರದ ಒತ್ತುಗಳು ಮಸುಕಾಗಿ ಕಾಣುತ್ತವೆ. ಕಡಿಮೆ ಸಾಂದ್ರತೆಯ ಪರದೆಯಲ್ಲಿ ಅಕ್ಷರದ ಅಂಚನ್ನು ನಯಗೊಳಿಸುವ ಹಳೆಯ ವಿಧಾನವನ್ನು ಆಪಲ್ 2018ರಲ್ಲಿ ಕೈಬಿಟ್ಟಿತು. 27 ಇಂಚಿನ 4ಕೆ ಮಾನಿಟರಿನ ಬೆಲೆಯನ್ನೂ ಬಜೆಟ್ಟಿಗೆ ಸೇರಿಸಿ. ಮ್ಯಾಕ್‌ನಲ್ಲಿ ಬಣ್ಣ ನಿಖರ ಎಂಬ ಮಾತನ್ನು ಅರ್ಧ ನಂಬಿ ಸಾಕು. ಪರದೆ ಯಾವುದೇ ಇರಲಿ, ಕ್ಯಾಲಿಬ್ರೇಟರ್ ಇಟ್ಟು ಹೊಂದಿಸದೆ, ಪ್ರೆಸ್ಸಿನವರಿಂದ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ) ಪ್ರೊಫೈಲ್ ಕೇಳಿ ಪಡೆಯದೆ, ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗುವುದು ತಪ್ಪುವುದಿಲ್ಲ.

ಲಿನಕ್ಸ್ ಬಗ್ಗೆ ಚುಟುಕಾಗಿ: ವಿನ್ಯಾಸದ ಉಚಿತ ತಂತ್ರಾಂಶಗಳಾದ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಮೂರರಲ್ಲೂ ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಸ್ಕ್ರೈಬಸ್ ಸಿಎಂವೈಕೆ ಪಿಡಿಎಫ್ ಕೊಡುತ್ತದೆ. ಅಡೋಬಿ, ಕೋರೆಲ್ ಎರಡೂ ಅಲ್ಲಿಲ್ಲ. ಕೋರೆಲ್ ಫೈಲನ್ನು ಇಂಕ್‌ಸ್ಕೇಪ್ ತೆರೆದರೂ ಅಕ್ಷರ ಚೆಲ್ಲಾಪಿಲ್ಲಿಯಾಗುವುದುಂಟು. ಕೋರೆಲ್‌ನ ಸಿಡಿಆರ್ ಫೈಲೇ ಬೇಕೆನ್ನುವ ಪ್ರೆಸ್ಸಿನೊಂದಿಗೆ ವ್ಯವಹಾರವಿದ್ದರೆ ಈ ದಾರಿ ಬೇಡ.

ಪರೀಕ್ಷೆ ಮಾಡಿಯೇ ಕೊಳ್ಳುವುದಾದರೆ, ಗೊತ್ತಿರುವವರ ಯಂತ್ರದಲ್ಲಿ ನಿಮ್ಮದೇ ಮೂರು ಹಳೆಯ ಕೆಲಸ ತೆರೆಯಿರಿ: ಒಂದು ಲಗ್ನಪತ್ರಿಕೆ, ಒಂದು ಎಂಟು ಪುಟದ ಪುಸ್ತಿಕೆ, ಒಂದು ಬ್ಯಾನರ್. ಇಂಡಿಸೈನ್ ಕಡತವನ್ನು ಒಯ್ಯುವ ಮೊದಲು ‘ಪ್ಯಾಕೇಜ್’ ಮಾಡಿ, ಅಂದರೆ ಚಿತ್ರ, ಫಾಂಟುಗಳನ್ನೆಲ್ಲ ಒಂದೇ ಫೋಲ್ಡರಿಗೆ ಕೂಡಿಸಿ, ಇಲ್ಲವಾದರೆ ಡಿ ಡ್ರೈವಿನ ವಿಳಾಸ ಹುಡುಕಿಕೊಂಡು ಚಿತ್ರಗಳೆಲ್ಲ ಖಾಲಿ ಬರುತ್ತವೆ. ಬಾಲೂ ತಮ್ಮ 2, ಅನೇಕ್ ಕನ್ನಡ, ನೋಟೊ ಸೆರಿಫ್ ಕನ್ನಡದಂಥ ಉಚಿತ ಫಾಂಟುಗಳಲ್ಲಿ ‘ಲಕ್ಷ್ಮಿ, ಸ್ತ್ರೀ, ರಾಷ್ಟ್ರ, ರ‍್ಯಾಂಕ್, ಕಾರ್ಯ’ ಎಂದು ಟೈಪ್ ಮಾಡಿ. ‘ರ‍್ಯಾಂಕ್’ನಲ್ಲಿ ಪೂರ್ತಿ ರಕಾರ, ‘ಕಾರ್ಯ’ದಲ್ಲಿ ಅರ್ಕಾವತ್ತು ಕಾಣಬೇಕು. ಪಿಡಿಎಫ್ ಮಾಡಿ ನಿಮ್ಮ ಮಾಮೂಲು ಪ್ರೆಸ್ಸಿಗೆ ಕಳಿಸಿ, ಅಲ್ಲಿ ಒಂದು ಹಾಳೆ ತೆಗೆಸಿ ನೋಡಿ. ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ತಿದ್ದಲಾಗದ ಚಿತ್ರರೇಖೆಗಳಾಗಿಸಿ ಕೊಡುವುದಿದ್ದರೆ ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡ ಮೇಲೆ ಮಾಡಿ.

ಹಳೆಯ ವಿಂಡೋಸ್ ಯಂತ್ರವನ್ನು ವಿನಿಮಯಕ್ಕೆ ಕೊಡಬೇಡಿ. ಇಂಟರ್ನೆಟ್ ತಂತಿ ಕಿತ್ತು, ವೈಫೈ ಆಫ್ ಮಾಡಿ, ನುಡಿ, ಪೇಜ್‌ಮೇಕರ್, ಡಾಂಗಲ್ ಸಮೇತ ಒಂದು ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಚಾಲೂ ಮಾಡಿ ನೋಡಿ, ಅದರ ಹಾರ್ಡ್ ಡಿಸ್ಕಿನ ಪೂರ್ತಿ ನಕಲೊಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡಿರಿ. ನಮಸ್ಕಾರ.