ನೀರು ಬಿತ್ತಿದ ಬೆಟ್ಟ

ಕೇಳುಗರಿಗೆ ನಮಸ್ಕಾರ.

ಕುಶಾಲನಗರದ ದಾರಿಯಲ್ಲಿ ಬೈಲುಕುಪ್ಪೆಗೆ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿನ ಸೆರಾ ಮಠದಲ್ಲಿ 1990ರ ದಶಕದಲ್ಲಿ ಸ್ಪೇನಿನ ಹುಡುಗನೊಬ್ಬ ಕೆಂಪು ನಿಲುವಂಗಿ ತೊಟ್ಟು ಟಿಬೆಟನ್ ಶಾಸ್ತ್ರಗಳನ್ನು ಓದುತ್ತಿದ್ದ. ಹೆಸರು ಒಸೆಲ್ ಹೀತಾ ತೋರೆಸ್. 1985ರಲ್ಲಿ ಹುಟ್ಟಿದ ಈ ಮಗುವನ್ನು, ಅದಕ್ಕೆ ಹಿಂದಿನ ವರ್ಷ ತೀರಿಕೊಂಡಿದ್ದ ಟಿಬೆಟನ್ ಬೌದ್ಧ ಗುರು ಲಾಮಾ ತುಬ್ಟೆನ್ ಯೆಶೆ ಅವರ ಪುನರ್ಜನ್ಮವೆಂದು ಗುರುತಿಸಿದ್ದರು. ಮುಂದೆ ಆತ ಮಠವನ್ನು ಬಿಟ್ಟು ತನ್ನ ದಾರಿ ಹಿಡಿದದ್ದು ಬೇರೆಯೇ ಕಥೆ. ನನ್ನ ಕುತೂಹಲ ಇದ್ದದ್ದು ಅವನ ಊರಿನ ಮೇಲೆ. ಆ ಊರು ಬುಬಿಯೋನ್, ದಕ್ಷಿಣ ಸ್ಪೇನಿನ ಒಂದು ಬೆಟ್ಟದ ಹಳ್ಳಿ. ಅದರ ಎದುರಿನ ಗುಡ್ಡದ ಮೇಲೆ ಒಂದು ಬೌದ್ಧ ಧ್ಯಾನಕೇಂದ್ರ. 1982ರಲ್ಲಿ ದಲೈ ಲಾಮಾ ಅಲ್ಲಿಗೆ ಬಂದಾಗ ಅದಕ್ಕೆ 'ಒ ಸೆಲ್ ಲಿಂಗ್' ಎಂದು, ಅಂದರೆ ನಿರ್ಮಲ ಬೆಳಕಿನ ತಾಣ ಎಂದು ಹೆಸರಿಟ್ಟರು. ಬೈಲುಕುಪ್ಪೆಯ ನೆಪದಿಂದ ಆ ಸೀಮೆಯ ನಕ್ಷೆಯನ್ನು ಬಿಡಿಸಿದವನು ನಾನು. ಮಡಿಸಿಡಲು ಇನ್ನೂ ಆಗಿಲ್ಲ.

ಆ ಸೀಮೆಯ ಹೆಸರು ಅಲ್ಪುಹಾರಾ. ಗ್ರನಾಡಾ ನಗರದ ಬೆನ್ನಿಗೆ ಸಿಯೆರಾ ನೆವಾಡಾ ಪರ್ವತಸಾಲು ನಿಂತಿದೆ. ಅದರ ಅತಿ ಎತ್ತರದ ಶಿಖರ ಮುಲಾಸೆನ್ 3,479 ಮೀಟರ್. ಸ್ಪೇನಿನ ಮುಖ್ಯಭೂಮಿಯಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಆ ಸಾಲಿನ ದಕ್ಷಿಣದ ಇಳಿಜಾರೇ ಅಲ್ಪುಹಾರಾ. ಮೇಲೆ ಹಿಮ, ಕೆಳಗೆ ಸ್ವಲ್ಪವೇ ದೂರದಲ್ಲಿ ಮೆಡಿಟರೇನಿಯನ್ ಸಮುದ್ರ. ಆಕಾಶ ತಿಳಿಯಾಗಿದ್ದ ದಿನ ಶಿಖರದಿಂದ ಆಫ್ರಿಕಾದ ಬೆಟ್ಟಗಳು ಕಾಣುತ್ತವೆ.

ಗ್ರನಾಡಾಕ್ಕೆ ಹೋದ ಪ್ರವಾಸಿಗರು ಅಲ್ಹಂಬ್ರಾ ಅರಮನೆಯನ್ನು ನೋಡಿ ಹಿಂತಿರುಗುತ್ತಾರೆ. ಅರಮನೆ ನೋಡುವಂಥದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕಥೆಯ ಉಳಿದರ್ಧ ಬೆಟ್ಟದ ಆಚೆ ಇದೆ. 1492ರ ಜನವರಿ 2ರಂದು, ಸ್ಪೇನಿನಲ್ಲಿ ಉಳಿದಿದ್ದ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾದ ಕೊನೆಯ ಸುಲ್ತಾನ ಬೊಅಬ್ದಿಲ್ ಊರಿನ ಬೀಗದಕೈಯನ್ನು ಕ್ರೈಸ್ತ ರಾಣಿ ಇಸಾಬೆಲ್ ಮತ್ತು ರಾಜ ಫರ್ನಾಂಡೊಗೆ ಒಪ್ಪಿಸಿ ಹೊರಟ. ನಗರದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಒಂದು ಕಣಿವೆದಾರಿ ಸಿಗುತ್ತದೆ. ಅಲ್ಲಿನ ಮುಸ್ಲಿಮರನ್ನು ಕ್ರೈಸ್ತರು ಮೂರರು ಎನ್ನುತ್ತಿದ್ದರು; ಆ ಕಣಿವೆದಾರಿಯ ಹೆಸರೇ 'ಮೂರನ ನಿಟ್ಟುಸಿರು'. ಅಲ್ಲಿ ಅವನು ತಿರುಗಿ ನೋಡಿ ಅತ್ತನಂತೆ, ಗಂಡಸಾಗಿ ಉಳಿಸಿಕೊಳ್ಳಲಾರದ್ದಕ್ಕೆ ಹೆಂಗಸಿನಂತೆ ಅಳುತ್ತೀಯಾ ಎಂದು ತಾಯಿ ಚುಚ್ಚಿದಳಂತೆ. ಇದು ಗೆದ್ದವರ ಕಡೆಯವರು ಕಟ್ಟಿದ ಕಥೆ ಎಂದೇ ನನ್ನ ಅನುಮಾನ. ಸೋತವನ ಕಣ್ಣೀರು ಗೆದ್ದವರಿಗೆ ಯಾವಾಗಲೂ ರುಚಿ. ನಿಜವಾಗಿ ನಡೆದದ್ದು ಇಷ್ಟು: ಅವನಿಗೆ ಬದುಕಲು ಅಲ್ಪುಹಾರಾದಲ್ಲಿ ಜಹಗೀರು ಕೊಟ್ಟರು. ಅಂದರಾಕ್ಸ್ ಎಂಬಲ್ಲಿ ಒಂದಿಷ್ಟು ಕಾಲ ಇದ್ದ. ಹೆಂಡತಿ ಮೊರೈಮಾ ತೀರಿಕೊಂಡಳು. 1493ರಲ್ಲಿ ಅವನು ಕಡಲು ದಾಟಿ ಮೊರಾಕ್ಕೊಗೆ ಹೋದ. ಇನ್ನು ಮುಲಾಸೆನ್ ಶಿಖರಕ್ಕೆ ಆ ಹೆಸರು ಬಂದದ್ದು ಬೊಅಬ್ದಿಲನ ತಂದೆ ಮುಲೆ ಹಸನ್‌ನಿಂದ. ಯಾರೂ ಕದಡದ ಜಾಗವೆಂದು ಅವನ ಗೋರಿಯನ್ನು ತುದಿಯ ಹಿಮದಲ್ಲೇ ಮಾಡಿದರೆಂದು ಜನ ಹೇಳುತ್ತಾರೆ. ರಾಜ್ಯ ಹೋದರೂ ಮುಖ್ಯಭೂಮಿಯ ಅತಿ ಎತ್ತರದ ಜಾಗಕ್ಕೆ ಸೋತ ಮನೆತನದ ಹೆಸರೇ ನಿಂತಿತು.

ಗ್ರನಾಡಾದಿಂದ ಬಸ್ ಹತ್ತಿದರೆ ಅಲ್ಪುಹಾರಾದಲ್ಲಿ ಮೊದಲು ಸಿಗುವ ದೊಡ್ಡ ಊರು ಲನ್ಹರೋನ್. ಸ್ಪೇನಿನ ಅಂಗಡಿಗಳಲ್ಲಿ ಈ ಹೆಸರಿನ ನೀರಿನ ಬಾಟಲಿಗಳನ್ನು ನೋಡಬಹುದು. ಖನಿಜ ಜಲದ ಸ್ನಾನಗೃಹಗಳಿಗೂ ಊರು ಹೆಸರಾಗಿದೆ. ಜೂನ್ 23ರ ನಡುರಾತ್ರಿ, ಸಂತ ಯೋಹಾನನ ಹಬ್ಬದ ಹಿಂದಿನ ರಾತ್ರಿ, ಇಡೀ ಊರು ಬೀದಿಗಿಳಿದು ಒಂದು ಗಂಟೆ ಕಾಲ ಒಬ್ಬರ ಮೇಲೊಬ್ಬರು ನೀರು ಎರಚುತ್ತದೆ. ಓಕುಳಿಯೇ, ಬಣ್ಣ ಮಾತ್ರ ಇಲ್ಲ.

ಅಲ್ಲಿಂದ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ. ತಲೆ ಸುತ್ತುವವರು ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳಲಿ. ಪೊಕೇಯ್ರಾ ಎಂಬ ಆಳವಾದ ಕಮರಿಯ ಅಂಚಿನಲ್ಲಿ ಮೂರು ಹಳ್ಳಿಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಕುಳಿತಿವೆ: ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ. ಕೆಳಗಿನದು ಸಾವಿರ ಮೀಟರಿಗಿಂತ ತುಸು ಮೇಲೆ, ಮೇಲಿನದು 1,436 ಮೀಟರ್. ದೂರದಿಂದ ನೋಡಿದರೆ ಹಸಿರು ಇಳಿಜಾರಿನ ಮೇಲೆ ಯಾರೋ ಸುಣ್ಣದ ಬಟ್ಟಲನ್ನು ಮಗುಚಿದಂತಿದೆ.

ಈ ಮನೆಗಳ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಮಾಳಿಗೆ. ಸ್ಪೇನಿನ ಹೆಚ್ಚಿನ ಕಡೆ ಮನೆಗಳಿಗೆ ಇಳಿಜಾರು ಚಾವಣಿ, ಕೆಂಪು ಹೆಂಚು. ಇಲ್ಲಿ ಮಾತ್ರ ಮಟ್ಟಸವಾದ ಮಣ್ಣಿನ ಮಾಳಿಗೆ. ಗೋಡೆ ದಪ್ಪ ಕಲ್ಲಿನದು, ಮೇಲೆ ಸುಣ್ಣ. ಗೋಡೆಯಿಂದ ಗೋಡೆಗೆ ಚೆಸ್ಟ್‌ನಟ್ ಮರದ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಚಪ್ಪಟೆ ಕಪ್ಪು ಸ್ಲೇಟು ಕಲ್ಲು, ಎಲ್ಲಕ್ಕೂ ಮೇಲೆ 'ಲೌನಾ' ಎಂಬ ಬೂದು ಬಣ್ಣದ ಮಣ್ಣು. ಈ ಮಣ್ಣೇ ಇಲ್ಲಿನ ವಿಶೇಷ. ಬೆಟ್ಟದ ಸ್ಲೇಟು ಬಂಡೆ ಕೊಳೆತು ಆದದ್ದು. ಮಳೆ ಬಿದ್ದಾಗ ಒತ್ತಾಗಿ ಕೂಡಿಕೊಂಡು ಹನಿ ನೀರನ್ನೂ ಕೆಳಗೆ ಬಿಡದು. ಅದನ್ನು ಕೃಷ್ಣಪಕ್ಷದಲ್ಲೇ ಹರಡಬೇಕು, ಇಲ್ಲದಿದ್ದರೆ ಸೋರುತ್ತದೆ ಎಂದು ಹಳಬರ ನಂಬಿಕೆ. ಮಾಳಿಗೆಯ ಮೇಲೆ ಅಂಜೂರ, ಮೆಣಸಿನಕಾಯಿ, ಮೆಕ್ಕೆಜೋಳ ಒಣಗಿಸುತ್ತಾರೆ. ಇಳಿಜಾರಿನ ಊರಾದ್ದರಿಂದ ಒಬ್ಬರ ಮಾಳಿಗೆ ಇನ್ನೊಬ್ಬರ ಬಾಗಿಲಿನ ಮಟ್ಟಕ್ಕೆ ಬರುತ್ತದೆ. ಕೆಲವು ಕಡೆ ಬೀದಿಯ ಮೇಲೆಯೇ ತೊಲೆ ಹಾಯಿಸಿ ಎರಡು ಮನೆಗಳನ್ನು ಕೂಡಿಸಿದ್ದಾರೆ. ಕೆಳಗೆ ನೆರಳು, ಮೇಲೆ ಒಂದು ಕೋಣೆ. ಇದಕ್ಕೆ 'ತಿನಾವೊ' ಎನ್ನುತ್ತಾರೆ. ಹೊಗೆಗೂಡುಗಳಂತೂ ತಲೆಗೆ ಚಪ್ಪಟೆ ಕಲ್ಲಿನ ಟೋಪಿ ಹಾಕಿಕೊಂಡ ಬಿಳಿಯ ಗೊಂಬೆಗಳು.

ಇಂಥದೇ ಮನೆಗಳನ್ನು ನೋಡಬೇಕಾದರೆ ಕಡಲಾಚೆ ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳಿಗೆ ಹೋಗಬೇಕು. ಅಲ್ಲಿನ ಬರ್ಬರ್ ಜನರ ಹಳ್ಳಿಗಳೂ ಹೀಗೇ ಇವೆ.

ಪಂಪನೇಯ್ರಾದಲ್ಲಿ ಒಂದು ಕಾರಂಜಿ ಇದೆ. ಮದುವೆಯಾಗುವ ಮನಸ್ಸಿಟ್ಟು ಅದರ ನೀರು ಕುಡಿದ ಬ್ರಹ್ಮಚಾರಿಗೆ ತಕ್ಷಣ ಹುಡುಗಿ ಸಿಗುತ್ತಾಳೆಂದು ಅಲ್ಲೇ ಬರೆದಿದೆ. ಪ್ರವಾಸಿಗರು ನಗುತ್ತಲೇ ಕುಡಿಯುತ್ತಾರೆ. ಕುಡಿಯದೆ ಮುಂದೆ ಹೋಗುವವರು ಕಡಿಮೆ.

ಈಗ ನೀರಿನ ವಿಷಯ. ನನ್ನ ಮಟ್ಟಿಗೆ ಅಲ್ಪುಹಾರಾಕ್ಕೆ ಹೋಗುವುದೇ ಇದಕ್ಕಾಗಿ. ಆ ಬೆಟ್ಟದಲ್ಲಿ ಬೇಸಿಗೆಯೆಂದರೆ ಮಳೆ ಇಲ್ಲವೇ ಇಲ್ಲ ಎನ್ನಬೇಕು. ಶಿಖರದ ಹಿಮ ವಸಂತದಲ್ಲಿ ಒಮ್ಮೆಗೇ ಕರಗಿ, ತಡೆಯುವವರಿಲ್ಲದಿದ್ದರೆ ಹಳ್ಳ ಹಿಡಿದು ಸಮುದ್ರ ಸೇರುತ್ತದೆ. ಬೆಳೆಗೆ ನೀರು ಬೇಕಾಗುವುದು ಅದಾದ ಮೇಲೆ, ಜುಲೈ-ಆಗಸ್ಟಿನಲ್ಲಿ. ಅಣೆಕಟ್ಟು ಕಟ್ಟಿ ನಿಲ್ಲಿಸೋಣವೆಂದರೆ ಇಳಿಜಾರು ಕಡಿದು. ಮಧ್ಯಯುಗದ ಮುಸ್ಲಿಂ ರೈತರು ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ: ಹಳ್ಳದ ತಲೆಯಲ್ಲೇ, ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ, ಬೆಟ್ಟದ ಮಗ್ಗುಲಿಗೆ ಸಣ್ಣ ಇಳಿತದ ಮಣ್ಣಿನ ಕಾಲುವೆ ತೋಡಿದರು. ಕರಗಿದ ಹಿಮದ ನೀರನ್ನು ಅದರಲ್ಲಿ ತಿರುಗಿಸಿ, ನೆಲ ಸಡಿಲವಾಗಿ ಬಂಡೆ ಬಿರಿದಿರುವ ಜಾಗಗಳಿಗೆ ತಂದು ಬಿಟ್ಟರು. ಅಲ್ಲಿ ನೀರು ಇಂಗಿ ಮಾಯವಾಗುತ್ತದೆ. ಬೆಟ್ಟದ ಹೊಟ್ಟೆಯೊಳಗೆ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಕೆಳಗಿನ ಹಳ್ಳಿಗಳ ಒರತೆಗಳಲ್ಲಿ ಹೊರಬರುತ್ತದೆ. ಹೊರಬರುವ ಹೊತ್ತಿಗೆ ಬೇಸಿಗೆ.

ಕಾಲುವೆಗೆ 'ಅಸೇಕಿಯಾ' ಎಂದೂ, ಹೀಗೆ ಇಂಗಿಸುವ ಕೆಲಸಕ್ಕೆ 'ಕರೇವೊ' ಎಂದೂ ಹೆಸರು. ಸ್ಪೇನಿನ ಭೂವಿಜ್ಞಾನಿಗಳು ಇದನ್ನು ನೀರು ಬಿತ್ತಿ ನೀರು ಕೊಯ್ಯುವುದು ಎಂದು ವರ್ಣಿಸುತ್ತಾರೆ. ಈ ಕಾಲುವೆಗೆ ಸಿಮೆಂಟ್ ಬಳಿದರೆ ಕೆಲಸವೇ ಕೆಡುತ್ತದೆ ಎಂಬುದನ್ನು ಗಮನಿಸಿ. ಸೋರುವುದೇ ಅದರ ಗುಣ. ದಾರಿಯುದ್ದಕ್ಕೂ ಸೋರಿದ ನೀರಿನಿಂದಲೇ ಅಷ್ಟು ಎತ್ತರದಲ್ಲಿ ಹುಲ್ಲುಗಾವಲು, ಓಕ್ ಮತ್ತು ಚೆಸ್ಟ್‌ನಟ್ ಮರಗಳು. ನೀರು ಪೋಲಾಗುತ್ತಿದೆ ಎಂದು ನಗರದ ಕಣ್ಣಿಗೆ ಕಾಣುವುದೇ ಅಲ್ಲಿನ ಕಾಡನ್ನು ಸಾಕಿದೆ.

ಕೆಳಗೆ ಹೊಲಗಳಿಗೆ ನೀರು ಹಂಚುವವನು 'ಅಸೆಕಿಯೇರೊ'. ಕನ್ನಡದಲ್ಲಿ ಅವನಿಗೆ ಹೆಸರು ಹುಡುಕಬೇಕಾಗಿಲ್ಲ, ನೀರುಗಂಟಿ ಎಂದರೆ ಸಾಕು. ಯಾರಿಗೆ ಯಾವ ಹೊತ್ತು, ಎಷ್ಟು ಗಂಟೆ ಎಂಬ ಸರದಿ, ಕಲ್ಲು-ಮಣ್ಣು ಕುಸಿದರೆ ತೆಗೆಯುವುದು, ತೂಬು ತೆರೆದು ಮುಚ್ಚುವುದು ಎಲ್ಲವೂ ಅವನ ಪಾಲು. ಜಗಳ ಬಿಡಿಸುವುದೂ ಅವನ ಪಾಲೇ ಇರಬೇಕು. ನೀರಿದ್ದಲ್ಲಿ ಜಗಳ ಇಲ್ಲದ ಊರನ್ನು ನಾನಂತೂ ಕಂಡಿಲ್ಲ.

ಈ ಪದಗಳನ್ನು ಸ್ವಲ್ಪ ಕೆರೆದು ನೋಡಿ. ಅಸೇಕಿಯಾ ಅರಬ್ಬಿಯ 'ಅಸ್-ಸಾಕಿಯಾ'. ನೀರಿನ ಕಟ್ಟೆಗೆ ಹೇಳುವ 'ಅಲ್ಬೆರ್ಕಾ' ಅರಬ್ಬಿಯ 'ಅಲ್-ಬಿರ್ಕಾ'. ಸ್ಪೇನಿನ ಪ್ರತಿ ಊರಿನ ಮೇಯರ್ 'ಅಲ್ಕಾಲ್ದೆ', ನಮಗೂ ಗೊತ್ತಿರುವ ಖಾಜಿಯೇ. ಅವರ 'ಅಲ್ಗ್ವಾಸಿಲ್' ಎಂಬ ಅಧಿಕಾರಿ ನಮ್ಮ ಕಥೆಗಳ ವಜೀರ. ಖಾಜಿ, ವಜೀರರು ಪರ್ಷಿಯದ ದಾರಿ ಹಿಡಿದು ಕನ್ನಡಕ್ಕೂ ಬಂದರು, ಜಿಬ್ರಾಲ್ಟರ್ ದಾಟಿ ಸ್ಪ್ಯಾನಿಷಿಗೂ ಹೋದರು.

ಆ ಪದಗಳನ್ನು ಆಡುತ್ತಿದ್ದವರು ಏನಾದರು? ಗ್ರನಾಡಾ ಬಿದ್ದಾಗ ಅವರ ಧರ್ಮ, ಭಾಷೆ, ಆಸ್ತಿಗಳಿಗೆ ಅಭಯ ಕೊಟ್ಟಿದ್ದರು. ಹತ್ತು ವರ್ಷ ತುಂಬುವ ಮೊದಲೇ ಬಲವಂತದ ಮತಾಂತರ ಶುರುವಾಯಿತು. ಹೀಗೆ ಕ್ರೈಸ್ತರಾದವರನ್ನು ಮೊರಿಸ್ಕೊ ಎಂದು ಕರೆದರು. 1567ರಲ್ಲಿ ಎರಡನೆಯ ಫಿಲಿಪ್ ದೊರೆಯ ಕಟ್ಟಳೆ ಬಂತು: ಅರಬ್ಬಿ ಆಡಬಾರದು, ಬರೆಯಬಾರದು, ಹಳೆಯ ಹೆಸರು, ಉಡುಪು, ಸ್ನಾನಗೃಹ ಯಾವುದೂ ಕೂಡದು. ಫ್ರಾನ್ಸಿಸ್ಕೊ ನುನ್ಯೆಸ್ ಮುಲೆ ಎಂಬ ಹಿರಿಯ ಮೊರಿಸ್ಕೊ ಅಧಿಕಾರಿಗಳಿಗೆ ದೀರ್ಘವಾದ ಮನವಿ ಬರೆದು, ಉಡುಪಿಗೂ ಭಾಷೆಗೂ ಮತಕ್ಕೂ ಸಂಬಂಧವಿಲ್ಲವೆಂದು ವಾದಿಸಿದ. ಯಾರೂ ಕಿವಿಗೊಡಲಿಲ್ಲ. 1568ರ ಕ್ರಿಸ್ಮಸ್ ಮುನ್ನಾದಿನ ಬೆಟ್ಟ ದಂಗೆಯೆದ್ದಿತು. ವಾಲೋರ್ ಊರಿನ ಫರ್ನಾಂಡೊ ಎಂಬ ಯುವಕ ಅಬೆನ್ ಹುಮೆಯಾ ಎಂಬ ಹೆಸರಿನಿಂದ ದೊರೆಯಾದ, ಮರುವರ್ಷವೇ ತನ್ನವರಿಂದಲೇ ಸತ್ತ. 1571ರ ಹೊತ್ತಿಗೆ ಎಲ್ಲ ಮುಗಿದಿತ್ತು. ಗ್ರನಾಡಾ ರಾಜ್ಯದ ಸುಮಾರು 80,000 ಮೊರಿಸ್ಕೊಗಳನ್ನು ಮನೆಗಳಿಂದ ಎಬ್ಬಿಸಿ ಸ್ಪೇನಿನ ಬೇರೆ ಭಾಗಗಳಿಗೆ ಅಟ್ಟಿದರು. 1609ರಿಂದ ಮುಂದೆ ದೇಶದಿಂದಲೇ ಹೊರಹಾಕಿದರು.

ಖಾಲಿಯಾದ ಮನೆಗಳಿಗೆ ಉತ್ತರ ಸ್ಪೇನಿನಿಂದಲೂ ಇತರ ಕಡೆಗಳಿಂದಲೂ ಒಕ್ಕಲುಗಳನ್ನು ತಂದು ತುಂಬಿಸಿದರು. ಬಂದವರಿಗೆ ಮಳೆಯ ನಾಡಿನ ಬೇಸಾಯ ಗೊತ್ತು, ಕಾಲುವೆಯ ಗುಟ್ಟು ಗೊತ್ತಿಲ್ಲ. ಅದಕ್ಕಾಗಿ ಪ್ರತಿ ಹಳ್ಳಿಯಲ್ಲೂ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡಿದ್ದರೆಂದು ಪ್ರತೀತಿ. ನಿಜವೋ ಸುಳ್ಳೋ, ನೀರಂತೂ ನಿಲ್ಲಲಿಲ್ಲ. ಹೊಸಬರು ಅದೇ ಮಾಳಿಗೆಯ ಕೆಳಗೆ ಮಲಗಿದರು, ಅದೇ ಅರಬ್ಬಿ ಹೆಸರಿನ ಕಾಲುವೆಯಿಂದ ಹೊಲಕ್ಕೆ ನೀರು ಹಾಯಿಸಿದರು. ಮಸೀದಿಗಳಿದ್ದ ಕಡೆ ಇಗರ್ಜಿಗಳು ಎದ್ದವು.

ಇನ್ನೂ ಮೇಲೆ, 1,476 ಮೀಟರ್ ಎತ್ತರದ ತ್ರೆವೆಲೆಸ್ ಹಂದಿಮಾಂಸಕ್ಕೆ ಹೆಸರಾದ ಊರು. ಹಂದಿಯ ತೊಡೆಗೆ ಸಮುದ್ರದ ಉಪ್ಪು ಹಚ್ಚಿ, ಬೆಟ್ಟದ ಒಣಗಾಳಿಗೆ ವರ್ಷಕ್ಕೂ ಮಿಕ್ಕಿ ತೂಗುಹಾಕುತ್ತಾರೆ. ಸಾಲು ಸಾಲಾಗಿ ಜೋತುಬಿದ್ದ ತೊಡೆಗಳ ನಡುವೆ ನಡೆಯುವಾಗ ಒಂದು ಮಾತು ನೆನಪಿರಲಿ: ಹಂದಿ ತಿನ್ನದವನು ಗುಟ್ಟಾಗಿ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾನೆಂದು ಅವನ ಮೇಲೆ ಇಗರ್ಜಿಯ ಧರ್ಮವಿಚಾರಣಾ ನ್ಯಾಯಾಲಯದ ಕಣ್ಣು ಬೀಳುತ್ತಿದ್ದ ಕಾಲವೊಂದಿತ್ತು. ಇಂದು ಅದು ಬರಿಯ ರುಚಿಯ ವಿಷಯ. ಸಸ್ಯಾಹಾರಿಗಳು ಇಲ್ಲಿ ಆಲೂಗಡ್ಡೆ-ಮೆಣಸಿನಕಾಯಿಯ ಪಲ್ಯ, ಬಾದಾಮಿ, ಚೆಸ್ಟ್‌ನಟ್‌ಗಳಲ್ಲಿ ತೃಪ್ತಿಪಡಬೇಕು. ತಟ್ಟೆ ಬಂದ ಮೇಲೂ ಅದರಲ್ಲಿ ಮಾಂಸದ ಚೂರಿಲ್ಲವೆಂದು ಇನ್ನೊಮ್ಮೆ ಕೇಳುವುದು ಒಳ್ಳೆಯದು.

ಪೋರ್ತುಗೋಸ್ ಹಳ್ಳಿಯ ಅಂಚಿನಲ್ಲಿ 'ಹುಳಿ ಒರತೆ' ಇದೆ. ಕಬ್ಬಿಣದ ಅಂಶ, ಜೊತೆಗೆ ನೆಲದಿಂದಲೇ ಬಂದ ಗಾಳಿಗುಳ್ಳೆ. ಐದು ಕೊಳವೆಗಳು, ಒಂದೊಂದಕ್ಕೂ ಬೇರೆ ರುಚಿ ಎನ್ನುತ್ತಾರೆ. ಪಕ್ಕದ ಜಲಪಾತದ ಬಂಡೆಗಳು ತುಕ್ಕು ಹಿಡಿದಂತೆ ಕೆಂಪಾಗಿವೆ. ಸೊಪೊರ್ತೂಹಾರ್ ಎಂಬ ಹಳ್ಳಿ ತನ್ನನ್ನು ಮಾಟಗಾತಿಯರ ಊರೆಂದು ಸಾರಿಕೊಂಡು, ರಷ್ಯದ ಅಜ್ಜಿಕಥೆಯ ಬಾಬಾ ಯಾಗಾಳ ಗುಡಿಸಲನ್ನೂ ಕಟ್ಟಿಕೊಂಡಿದೆ. ಮಕ್ಕಳಿಗೆ ಖುಷಿ, ಅಂಗಡಿಗಳಿಗೆ ವ್ಯಾಪಾರ. ಜನ ಊರು ಬಿಟ್ಟು ಹೋಗುತ್ತಿರುವ ಬೆಟ್ಟದಲ್ಲಿ ಅದನ್ನು ದೂರುವುದು ಸುಲಭವಲ್ಲ; ಆದರೂ ಇಷ್ಟೊಂದು ಸ್ವಂತ ಕಥೆಗಳಿರುವ ಸೀಮೆಗೆ ಪರದೇಶದ ಮಾಟಗಾತಿ ಏಕೆ ಬೇಕಾಯಿತೋ ನನಗೆ ತಿಳಿಯಲಿಲ್ಲ.

ಜನ ಹೋಗುತ್ತಿರುವುದು ಬರಿಯ ಮಾತಲ್ಲ. ಇಪ್ಪತ್ತನೆಯ ಶತಮಾನದ ನಡುವಿನಿಂದ ಇಲ್ಲಿನವರು ಕೆಲಸ ಹುಡುಕಿ ಬಾರ್ಸಿಲೋನಾದಂಥ ನಗರಗಳಿಗೆ ನಡೆದರು. ಕಾಲುವೆ ತೋಡಿದವರನ್ನು ಓಡಿಸಿದಾಗಲೂ ಒಣಗದ ನೀರು, ಅದನ್ನು ನೋಡಿಕೊಳ್ಳುವ ಕೈಗಳು ಇಲ್ಲವಾದಾಗ ಒಣಗಿತು. ಎಷ್ಟೋ ಅಸೇಕಿಯಾಗಳು ಮುಳ್ಳು ತುಂಬಿ ಮುಚ್ಚಿಹೋದವು. 2014ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ತ್ವ ಸಂಶೋಧಕರು ಕಾನ್ಯಾರ್ ಹಳ್ಳಿಯವರನ್ನೂ ಸ್ವಯಂಸೇವಕರನ್ನೂ ಕರೆದುಕೊಂಡು, ದಶಕಗಳಿಂದ ಬಿದ್ದುಹೋಗಿದ್ದ ಒಂದು ಕಾಲುವೆಯನ್ನು ಗುದ್ದಲಿ ಹಿಡಿದು ತೆರೆದರು. ಹಳೆಯ ಮಡಕೆ ಚೂರುಗಳನ್ನು ಅಗೆಯುವವರು ಕಾಲುವೆಯ ಹೂಳು ಎತ್ತಿದರು. ಆಮೇಲೆ ಬೇರೆ ಹಳ್ಳಿಗಳಲ್ಲೂ ಆ ಕೆಲಸ ಮುಂದುವರಿದಿದೆ.

ಹೋಗುವ ಮನಸ್ಸಿದ್ದರೆ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಹೋಗಿ, ಕಾಲುವೆಗಳು ತುಂಬಿ ಹರಿಯುವ ಕಾಲ ಅದು. ಸೆಪ್ಟೆಂಬರಿನಲ್ಲಿ ಹೋದರೆ ವಾಲೋರ್ ಊರಿನ ಹಬ್ಬ ಸಿಗುತ್ತದೆ. ಅಬೆನ್ ಹುಮೆಯಾನ ಮನೆತನದ ಆ ಊರಿನಲ್ಲಿ ಅರ್ಧ ಜನ ಮೂರರ ಪೇಟ ಸುತ್ತಿ, ಅರ್ಧ ಜನ ಕ್ರೈಸ್ತ ಸೈನಿಕರಾಗಿ, ಚೌಕದಲ್ಲಿ ಯುದ್ಧದ ನಾಟಕ ಆಡುತ್ತಾರೆ. ಮೊದಲು ಮೂರರು ಗೆಲ್ಲುತ್ತಾರೆ, ಕೊನೆಗೆ ಕ್ರೈಸ್ತರು. ಪೇಟ ಸುತ್ತಿಕೊಂಡವರ ಹಿರಿಯರು ಬಂದದ್ದು ಓಡಿಸಲ್ಪಟ್ಟವರ ಮನೆಗಳಿಗೆ. ಪ್ರತಿ ವರ್ಷ ಅವರು ಆ ಸೋಲನ್ನು ಬಾಯಿಪಾಠ ಮಾಡಿಕೊಂಡು, ಗಟ್ಟಿಯಾಗಿ ಹೇಳಿ, ಸೋಲುತ್ತಾರೆ.

ನಮಸ್ಕಾರ.