ತುಣುಕು ತುಣುಕಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕೈಯಳತೆಯಲ್ಲಿ ಮೊಬೈಲ್ ಚಾರ್ಜರ್ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಸಣ್ಣ ಅಕ್ಷರಗಳ ನಡುವೆ ಚಕ್ರ ಇರುವ ಕಸದ ಡಬ್ಬಿಯ ಚಿತ್ರ, ಅದರ ಮೇಲೆ ಇಂಟು ಗುರುತು ಇರುತ್ತದೆ. ಮಾಮೂಲಿ ಕಸದ ಜೊತೆ ಹಾಕಬೇಡಿ ಅಂತ ಅದರ ಅರ್ಥ. ಯಾಕೆ ಹಾಕಬಾರದು ಅನ್ನೋದು ತಿಳಿಯಬೇಕಾದರೆ ಒಳಗೆ ಇಣುಕಬೇಕು. ಸರ್ಕ್ಯೂಟ್ ಬೋರ್ಡ್‌ಗಳ ಜೊತೆ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿ ಬೆಸುಗೆಯಿಂದಲೇ ಶುರು ಮಾಡುತ್ತೇನೆ.

ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಚುಕ್ಕಿಗಳಿರುತ್ತವಲ್ಲ, ಅದೇ ಬೆಸುಗೆ. ಹಿಂದೆ ನಾವು ಬಳಸುತ್ತಿದ್ದ ಬೆಸುಗೆ ತಂತಿಯಲ್ಲಿ ನೂರಕ್ಕೆ 63 ಭಾಗ ತವರ, 37 ಭಾಗ ಸೀಸ. ಅಂದರೆ ಒಂದು ಕಿಲೋದಲ್ಲಿ 370 ಗ್ರಾಂ ಸೀಸ! ಇವತ್ತಿನ ಕಾನೂನು ಎಷ್ಟಕ್ಕೆ ಒಪ್ಪುತ್ತದೆ ಗೊತ್ತಾ? ಕಿಲೋಗೆ ಒಂದು ಗ್ರಾಂ. ಪಾದರಸಕ್ಕೂ ಅಷ್ಟೇ, ಒಂದು ಜಾತಿಯ ಕ್ರೋಮಿಯಂಗೂ ಅಷ್ಟೇ. ಪ್ಲಾಸ್ಟಿಕ್‌ಗೆ ಬೇಗ ಬೆಂಕಿ ಹತ್ತದಿರಲಿ ಅಂತ ಬೆರೆಸುತ್ತಿದ್ದ ಎರಡು ಬಗೆಯ ಬ್ರೋಮಿನ್ ರಾಸಾಯನಿಕಗಳಿಗೂ ಅಷ್ಟೇ. ಕ್ಯಾಡ್ಮಿಯಂ ಅನ್ನೋ ವಿಷಲೋಹದ ವಿಷಯದಲ್ಲಿ ಇನ್ನೂ ಬಿಗಿ, ಕಿಲೋಗೆ ಗ್ರಾಂನ ಹತ್ತನೇ ಒಂದು ಪಾಲು. ಯುರೋಪಿನಲ್ಲಿ ಈ ಮಿತಿ 2006ರ ಜುಲೈ 1ರಿಂದ ಇದೆ. ನಮ್ಮ ದೇಶದಲ್ಲಿ 2014ರ ಮೇ 1ರಿಂದ.

ಈಗ ನಾನು ಹೇಳಲು ಬಂದ ಮಾತು. ಈ ಲೆಕ್ಕ ಹಾಕೋದು ಇಡೀ ಟಿವಿಯ ತೂಕಕ್ಕಲ್ಲ, ಅದರ ಒಂದೊಂದು ತುಣುಕಿಗೆ. ಬೆಸುಗೆಗೆ ಬೇರೆ, ವೈರಿನ ಮೇಲಿನ ಸಿಪ್ಪೆಗೆ ಬೇರೆ, ಸ್ಕ್ರೂ ಮೇಲಿನ ಲೇಪಕ್ಕೆ ಬೇರೆ. 'ಅಷ್ಟು ದೊಡ್ಡ ಟಿವಿಯಲ್ಲಿ ಒಂದು ಚಿಟಿಕೆ ಸೀಸ ಇದ್ದರೆ ಏನ್ ಸಾರ್' ಅಂತ ಕೇಳಿದವರಿಗೆಲ್ಲ ನಾನು ಒಂದು ಕಥೆ ಹೇಳುತ್ತೇನೆ.

2001. ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು. ಯುರೋಪಿನಲ್ಲಿ ಮಕ್ಕಳ ಆಟಿಕೆ ಮಾರಾಟಕ್ಕೆ ಅದಕ್ಕಿಂತ ದೊಡ್ಡ ಸುಗ್ಗಿ ಇಲ್ಲ. ಸೋನಿ ಕಂಪನಿಯ ಪ್ಲೇಸ್ಟೇಷನ್ ಅನ್ನೋ ವಿಡಿಯೋ ಗೇಮ್ ಪೆಟ್ಟಿಗೆಗೆ ಆಗ ಭಾರಿ ಬೇಡಿಕೆ. ಅಂಥ ಹೊತ್ತಿನಲ್ಲಿ ನೆದರ್‌ಲ್ಯಾಂಡ್ಸ್ ಅಧಿಕಾರಿಗಳು ಸರಕನ್ನು ತಡೆದರು. ಒಂದೆರಡು ಪೆಟ್ಟಿಗೆ ಅಲ್ಲ, ಸುಮಾರು 13 ಲಕ್ಷ! ಯಂತ್ರ ಚೆನ್ನಾಗಿಯೇ ಇತ್ತು. ಆಟ ಚೆನ್ನಾಗಿಯೇ ಆಡುತ್ತಿತ್ತು. ತಪ್ಪು ಇದ್ದದ್ದು ವೈರಿನಲ್ಲಿ. ಆ ದೇಶದ ಕಾನೂನು ಒಪ್ಪುವುದಕ್ಕಿಂತ ಜಾಸ್ತಿ ಕ್ಯಾಡ್ಮಿಯಂ ಅದರಲ್ಲಿತ್ತು. ವೈರಿನ ಪ್ಲಾಸ್ಟಿಕ್ ಬೇಗ ಹಾಳಾಗದಿರಲಿ, ಬಣ್ಣ ಚೆನ್ನಾಗಿ ಕೂರಲಿ ಅಂತ ಕ್ಯಾಡ್ಮಿಯಂ ಬೆರೆಸುವ ರೂಢಿ ಇತ್ತು. ಅಂಥ ವೈರನ್ನು ಸೋನಿ ತಾನೇ ಮಾಡುತ್ತಿರಲಿಲ್ಲ, ಯಾರೋ ಮಾಡಿದ್ದನ್ನು ಕೊಂಡು ಜೋಡಿಸುತ್ತಿತ್ತು. ಪೆಟ್ಟಿಗೆಯ ತೂಕದಲ್ಲಿ ಆ ಕ್ಯಾಡ್ಮಿಯಂ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ವೈರಿನ ತೂಕದಲ್ಲಿ ಸಿಕ್ಕಿಬಿತ್ತು. ಕಂಪನಿ ವೈರು ಬದಲಿಸಬೇಕಾಯಿತು. ಮರುವರ್ಷವೇ, ಬಿಡಿಭಾಗ ಒದಗಿಸುವವರನ್ನೆಲ್ಲ ಮೊದಲೇ ಪರೀಕ್ಷೆ ಮಾಡಿ ಒಪ್ಪುವ ಪದ್ಧತಿಯನ್ನೂ ತಂದಿತು. ನಮ್ಮ ಕಸುಬಿನಲ್ಲಿ ಈ ಸುದ್ದಿ ಕೇಳಿ ಬೆವರದವರಿಲ್ಲ. ಅಲ್ಲಿಯವರೆಗೆ ವೈರಿನ ಸಿಪ್ಪೆಯನ್ನು ಯಾರು ನೋಡುತ್ತಿದ್ದರು ಹೇಳಿ?

ತುಣುಕನ್ನೇ ಯಾಕೆ ನೋಡಬೇಕು? ಸಾಮಾನು ನಮ್ಮ ಮನೆಯಲ್ಲಿ ಇಡಿಯಾಗಿರುತ್ತದೆ. ಆಮೇಲೆ ಅದು ಯಾರದೋ ಕೈಯಲ್ಲಿ ತುಣುಕಾಗುತ್ತದೆ. ತಾಮ್ರದ ಆಸೆಗೆ ಗುಜರಿಯ ಹುಡುಗ ವೈರನ್ನು ಬೆಂಕಿಗೆ ಹಾಕುತ್ತಾನೆ. ಸಿಪ್ಪೆ ಉರಿದ ಹೊಗೆ ಅವನ ಎದೆಗೆ ಹೋಗುತ್ತದೆ. ಚಿನ್ನದ ಆಸೆಗೆ ಇನ್ನೊಬ್ಬ ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದುತ್ತಾನೆ. ಉಳಿದ ನೀರು ಚರಂಡಿಗೆ. ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ. ಆ ಹುಡುಗನಿಗೆ ಇಡೀ ಟಿವಿಯ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಅವನ ಕೈಯಲ್ಲಿರುವುದು ಆ ಒಂದು ತುಣುಕು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2023ರ ಏಪ್ರಿಲ್ 1ರಿಂದ ನಮ್ಮಲ್ಲಿ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಪಟ್ಟಿಯಲ್ಲಿ 106 ಬಗೆಯ ಸಾಮಾನುಗಳಿವೆ, ಸೋಲಾರ್ ಫಲಕವೂ ಸೇರಿ. ಹಳೆಯದರ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಯದು. ಆದರೆ ನಿಮ್ಮ ಅಟ್ಟದ ಮೇಲಿರುವ ಡಬ್ಬದಂಥ ಟಿವಿ ಇದೆಯಲ್ಲ, ಅದು ಈ ಮಿತಿಗಳೆಲ್ಲ ಬರುವ ಮೊದಲಿನದು. ಅದರ ಗಾಜಿನಲ್ಲೂ ಸೀಸ, ಬೆಸುಗೆಯಲ್ಲೂ ಸೀಸ. ದಯವಿಟ್ಟು ಅದನ್ನು ಬಿಚ್ಚಬೇಡಿ, ಬಿಚ್ಚುವವರಿಗೆ ಮಾರಲೂ ಬೇಡಿ. 'ಗುಜರಿಯವನು ಇನ್ನೂರು ರೂಪಾಯಿ ಕೊಡ್ತಾನೆ' ಅನ್ನುತ್ತೀರಿ. ಆ ಇನ್ನೂರು ಎಲ್ಲಿಂದ ಹುಟ್ಟುತ್ತದೆ ಅಂತ ಈಗಷ್ಟೇ ಹೇಳಿದೆನಲ್ಲ! ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡ ಮರುಬಳಕೆಯವರಿಗೆ ಇಡಿಯಾಗಿ ಕೊಡಿ, ರಸೀದಿ ಕೇಳಿ. ವೈರು ಕತ್ತರಿಸಿ ಇಟ್ಟುಕೊಳ್ಳಬೇಡಿ, ಅದನ್ನೂ ಜೊತೆಗೇ ಕೊಡಿ. ನಮಸ್ಕಾರ.