"ನಾನಾ?" ಅಂತ ಕೇಳಿದ ಸ್ಟ್ರೈಕರ್

ಎಲ್ಲರಿಗೂ ನಮಸ್ಕಾರ.

1997ರ ನವೆಂಬರ್ 16. ಊರು ಮಲೇಷ್ಯಾದ ಜೊಹೊರ್ ಬಾರು. ಜಪಾನ್ ಮತ್ತು ಇರಾನ್ ಫುಟ್ಬಾಲ್ ಆಡುತ್ತಿವೆ. ಗೆದ್ದವರಿಗೆ ಮರುವರ್ಷದ ಫ್ರಾನ್ಸ್ ವಿಶ್ವಕಪ್‌ನಲ್ಲಿ ಜಾಗ. ಜಪಾನ್ ಅಲ್ಲಿಯವರೆಗೆ ಒಂದೂ ವಿಶ್ವಕಪ್ ಆಡಿರಲಿಲ್ಲ. ಇರಾನ್ 2-1ರಿಂದ ಮುಂದಿದೆ. ಇನ್ನೂ ಅರ್ಧ ಗಂಟೆ ಆಟ ಬಾಕಿ. ಆಗ ಜಪಾನ್ ಕೋಚ್ ತಕೆಶಿ ಒಕಾಡಾ, ಗೋಲು ಹೊಡೆಯಲೆಂದೇ ಮುಂದೆ ಆಡುವ ಇಬ್ಬರು ಸ್ಟ್ರೈಕರ್‌ಗಳನ್ನೂ ಒಟ್ಟಿಗೇ ಹೊರಗೆ ಕರೆಯುತ್ತಾರೆ. ಅವರಲ್ಲೊಬ್ಬರು 11ನೇ ನಂಬರ್ ಅಂಗಿಯವರು. ಅವರು ಗೆರೆಯ ಕಡೆ ನೋಡುತ್ತಾರೆ, ತನ್ನ ಕಡೆಗೇ ಬೆರಳು ತೋರಿಸಿಕೊಳ್ಳುತ್ತಾರೆ. "ನಾನಾ?"

ಅವರು ಕಜುಯೋಶಿ ಮಿಯುರಾ. ಜಪಾನಿನಲ್ಲಿ ಎಲ್ಲರಿಗೂ ಬರೀ ಕಜು. ಗೊತ್ತಿರುವವರು ಅವರ ವಯಸ್ಸಿನ ಬಗ್ಗೆಯೇ ಮಾತಾಡುತ್ತಾರೆ, ಐವತ್ತು ದಾಟಿದರೂ ಆಡುತ್ತಾರಂತೆ ಅಂತ. ಅದು ನಿಜ. ಆದರೆ ನನಗೆ ಅದಕ್ಕಿಂತ ಆ ಬೆರಳು ಮುಖ್ಯ. ಆ ಪ್ರಶ್ನೆ ಕೇಳೋ ಹಕ್ಕು ಅವರಿಗಿತ್ತು. ಯಾಕೆ ಅಂತ ಹೇಳ್ತೀನಿ.

ಕಜು ಹುಟ್ಟಿದ್ದು 1967ರಲ್ಲಿ, ಶಿಜುಓಕಾದಲ್ಲಿ. ಹೈಸ್ಕೂಲಿಗೆ ಸೇರಿ ವರ್ಷ ತುಂಬುವ ಮೊದಲೇ ಬಿಟ್ಟು, 1982ರ ಕೊನೆಗೆ ಬ್ರೆಜಿಲ್‌ಗೆ ಹೊರಟುಬಿಟ್ಟರು. ವಯಸ್ಸು ಹದಿನೈದು. ಆಗ ಜಪಾನಿನಲ್ಲಿ ವೃತ್ತಿಪರ ಲೀಗೇ ಇರಲಿಲ್ಲ. ಇದ್ದದ್ದು ಕಂಪನಿ ತಂಡಗಳು. ಇನ್ನು ಬ್ರೆಜಿಲ್‌ನಲ್ಲೋ, ಚೆಂಡು ಸರಿಯಾಗಿ ಒದೆಯಲು ಬಾರದವನನ್ನು "ಜಪಾನಿ" ಅಂತ ಆಡಿಕೊಳ್ಳುತ್ತಿದ್ದರು. ಅಂಥ ಕಡೆ ಜಪಾನಿನ ಹುಡುಗನೊಬ್ಬ ಫುಟ್ಬಾಲ್ ಕಲಿಯಲು ಹೋಗೋದು ಅಂದರೆ ಹೇಗಿರಬೇಕು, ಅಲ್ವಾ?

1986ರಲ್ಲಿ ಸ್ಯಾಂಟೋಸ್ ಕ್ಲಬ್ ಕರಾರು ಮಾಡಿಕೊಂಡಿತು. ಪೆಲೆ ಆಡಿದ ಕ್ಲಬ್. ಆದರೆ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಅಲ್ಲಿಂದ ಸಣ್ಣಪುಟ್ಟ ಕ್ಲಬ್‌ಗಳ ತಿರುಗಾಟ. ಅವುಗಳಲ್ಲೊಂದು ಸಾವ್ ಪೌಲೊ ರಾಜ್ಯದ ಒಳನಾಡಿನ ಜಾವು ಎಂಬ ಊರಿನದು. 1988ರಲ್ಲಿ ಆ ತಂಡ ದೈತ್ಯ ಕೊರಿಂಥಿಯನ್ಸನ್ನು ಸೋಲಿಸಿತು. ಒಂದು ಗೋಲು ಕಜು ಅವರದು. ಅಲ್ಲಿಗೆ ಆಡಿಕೊಳ್ಳುವವರ ಬಾಯಿ ಸ್ವಲ್ಪ ಮುಚ್ಚಿರಬೇಕು! ಆಗ ಅವರು ಎಡಗಡೆಯ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡುತ್ತಾ ಆಡುವವರು. ಚೆಂಡಿನ ಮೇಲೆ ಕಾಲು ಆಡಿಸುತ್ತಾ ಎದುರಾಳಿಯನ್ನು ಏಮಾರಿಸುವ ಕಲೆ ಅಲ್ಲೇ ಕಲಿತದ್ದು. ಪಕ್ಕಾ ಸ್ಟ್ರೈಕರ್ ಆದದ್ದು ಆಮೇಲೆ.

1990ರಲ್ಲಿ ಜಪಾನಿಗೆ ವಾಪಸ್ಸು. 1992ರಲ್ಲಿ ಹಿರೋಶಿಮಾದಲ್ಲಿ ಏಷ್ಯಾ ಕಪ್ ನಡೆಯಿತು. ಇರಾನ್ ವಿರುದ್ಧ ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಕಜು ಹೊಡೆದ ಗೋಲು ತಂಡವನ್ನು ಸೆಮಿಫೈನಲ್‌ಗೆ ಒಯ್ದಿತು. ಕೊನೆಗೆ ಕಪ್ಪೂ ಬಂತು, ಮೊದಲ ಸಲ. ಮರುವರ್ಷ ಮೇ 15ಕ್ಕೆ ಜಪಾನಿನ ವೃತ್ತಿಪರ ಲೀಗ್, ಜೆ-ಲೀಗ್ ಶುರು. ಟೋಕಿಯೋದ ನ್ಯಾಷನಲ್ ಸ್ಟೇಡಿಯಂ ಭರ್ತಿ, ಐವತ್ತೊಂಬತ್ತು ಸಾವಿರ ಜನ. ಆ ವರ್ಷ ಕಜು ಆಡುತ್ತಿದ್ದ ವೆರ್ಡಿ ಕವಾಸಾಕಿ ಚಾಂಪಿಯನ್, ಲೀಗಿನ ಶ್ರೇಷ್ಠ ಆಟಗಾರ ಕಜು. ಪ್ರಶಸ್ತಿ ತಗೊಳ್ಳಲು ಬಂದದ್ದು ಕೆಂಪು ಸೂಟಿನಲ್ಲಿ! ಗೋಲು ಹೊಡೆದಾಗಲೆಲ್ಲ ಕಾಲು ಚಕಚಕ ಆಡಿಸಿ ಕೊನೆಗೆ ಬೆರಳು ಚಾಚುವ ಒಂದು ಕುಣಿತ ಬೇರೆ. ದೇಶದ ಮಕ್ಕಳೆಲ್ಲ ಅದನ್ನೇ ಕುಣಿದರು.

ಅದೇ ವರ್ಷ ಕತಾರ್ ದೇಶದ ದೋಹಾ. ಇಲ್ಲಿ ಸ್ವಲ್ಪ ನಿಲ್ಲೋಣ. 1994ರ ವಿಶ್ವಕಪ್‌ಗೆ ಏಷ್ಯಾದಿಂದ ಇಬ್ಬರಿಗೇ ಜಾಗ. ದಕ್ಷಿಣ ಕೊರಿಯಾವನ್ನು 1-0ಯಿಂದ ಸೋಲಿಸಿ ಜಪಾನ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿತ್ತು. ಗೋಲು ಕಜು ಅವರದು. ಅಕ್ಟೋಬರ್ 28ರಂದು ಇರಾಕ್ ವಿರುದ್ಧ ಕೊನೆಯ ಪಂದ್ಯ. ಗೆದ್ದರೆ ಸಾಕು. ಐದನೇ ನಿಮಿಷದಲ್ಲೇ ಕಜು ಗೋಲು. ಇರಾಕ್ ಸಮ ಮಾಡಿತು. ಆಮೇಲೆ ಮಸಾಶಿ ನಕಾಯಾಮಾ ಗೋಲು, 2-1. ತೊಂಬತ್ತು ನಿಮಿಷ ಮುಗಿಯಿತು. ಇರಾಕ್‌ಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಿತು. ನೇರ ಗೋಲಿನ ಮುಂದಕ್ಕೆ ಹೊಡೆಯುತ್ತಾರೆ ಅಂತ ಎಲ್ಲರೂ ಕಾದರೆ, ಅವರು ಪಕ್ಕದವನಿಗೆ ಮೆಲ್ಲಗೆ ತಳ್ಳಿದರು. ತಡೆಯಲು ಓಡಿದ್ದು ಯಾರು? ಕಜು. ಸ್ಟ್ರೈಕರ್ ಅಷ್ಟು ಹಿಂದೆ ಬಂದು ಡಿಫೆನ್ಸ್ ಮಾಡುತ್ತಿದ್ದರು. ಚಾಚಿದ ಕಾಲನ್ನು ದಾಟಿ ಚೆಂಡು ಹೋಯಿತು. ಇರಾಕ್ ಆಟಗಾರ ತಲೆ ಕೊಟ್ಟ. 2-2. ಜಪಾನ್ ಮೂರನೇ ಸ್ಥಾನಕ್ಕೆ ಜಾರಿತು. ಆಟಗಾರರು ಮೈದಾನದಲ್ಲೇ ಕುಸಿದು ಕೂತರು. ಜಪಾನಿನಲ್ಲಿ ಇವತ್ತಿಗೂ ಅದಕ್ಕೆ "ದೋಹಾ ದುರಂತ" ಅನ್ನುತ್ತಾರೆ.

ಮುಂದಿನ ವರ್ಷ ಇಟಲಿಯ ಜಿನೋವಾ ಕ್ಲಬ್. ಮೊದಲ ಲೀಗ್ ಪಂದ್ಯದಲ್ಲೇ ಎಸಿ ಮಿಲಾನ್‌ನ ಫ್ರಾಂಕೊ ಬರೇಸಿಗೆ ಡಿಕ್ಕಿ, ಮೂಗು ಮುರಿಯಿತು. ಒಂದು ಸೀಸನ್, 21 ಪಂದ್ಯ, ಒಂದೇ ಗೋಲು. ಆ ಒಂದಾದರೂ ಅದೇ ಊರಿನ ಎದುರಾಳಿ ಸ್ಯಾಂಪ್‌ಡೋರಿಯಾ ವಿರುದ್ಧ ಬಂತಲ್ಲ. ಇಟಲಿಯ ಬಗ್ಗೆ ಇಷ್ಟು ಸಾಕು.

ಈಗ ಮತ್ತೆ ಜೊಹೊರ್ ಬಾರು. ಒಕಾಡಾ ಲೆಕ್ಕ ಸರಿಯಾಗಿತ್ತು. ಬದಲಿಯಾಗಿ ಬಂದ ಶೋಜಿ ಜೋ ಗೋಲು ಹೊಡೆದು ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಇನ್ನೊಬ್ಬ ಬದಲಿ ಆಟಗಾರ ಒಕಾನೊ ಗೆಲ್ಲಿಸಿದರು. ಜಪಾನ್ ವಿಶ್ವಕಪ್‌ಗೆ ಹೋಯಿತು. ಆದರೆ 1998ರ ಜೂನ್ 2ರಂದು, ಸ್ವಿಟ್ಜರ್ಲೆಂಡಿನ ನಿಯೋನ್‌ನಲ್ಲಿ, ತರಬೇತಿಗೆ ಕರೆತಂದ 25 ಮಂದಿಯಲ್ಲಿ ಕೈಬಿಟ್ಟ ಮೂವರ ಹೆಸರುಗಳನ್ನು ಒಕಾಡಾ ಓದಿದರು. "ಹೊರಗುಳಿಯುವವರು ಕಜು, ಮಿಯುರಾ ಕಜು..." ಅಂತ. ಒಂದೇ ಹೆಸರು ಎರಡು ಸಲ. ಯಾಕೆ ಎರಡು ಸಲ ಅಂದರೋ. ನನಗನ್ನಿಸೋದು, ಒಂದು ಸಲ ಹೇಳಿದ್ದು ಒಕಾಡಾ ಅವರಿಗೇ ಸಾಲಲಿಲ್ಲ.

ಆ ಅರ್ಹತಾ ಸುತ್ತಿನಲ್ಲಿ ಮಕಾವ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಗೋಲು, ಉಜ್ಬೇಕಿಸ್ತಾನದ ವಿರುದ್ಧ ನಾಲ್ಕು ಹೊಡೆದವರು ಕಜು. ಆಮೇಲಾಮೇಲೆ ಗೋಲು ನಿಂತಿದ್ದವು, ಅದೂ ನಿಜ. ಕೋಚ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಕಜು ಕೂದಲಿಗೆ ಬಿಳಿಚು ಹೊಂಬಣ್ಣ ಹಾಕಿಸಿಕೊಂಡು ಊರಿಗೆ ಬಂದರು. ಜಪಾನ್ ತಂಡದವನೆಂಬ ಹೆಮ್ಮೆ, ಆತ್ಮ, ಅದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೇನೆ ಅಂತ ಪತ್ರಕರ್ತರಿಗೆ ಹೇಳಿದರು. ವಿಶ್ವಕಪ್‌ನಲ್ಲಿ ಜಪಾನ್ ಮೂರೂ ಪಂದ್ಯ ಸೋತಿತು. ಹೊಡೆದದ್ದು ಒಂದೇ ಗೋಲು, ಜಮೈಕಾ ವಿರುದ್ಧ. ಹೊಡೆದವರು ನಕಾಯಾಮಾ. ದೋಹಾದಲ್ಲಿ, ಜೊಹೊರ್ ಬಾರುವಿನಲ್ಲಿ ಕಜು ಪಕ್ಕದಲ್ಲಿ ಆಡಿದ ಅದೇ ನಕಾಯಾಮಾ.

ಜಪಾನ್ ಪರ ಕಜು ಲೆಕ್ಕ 89 ಪಂದ್ಯ, 55 ಗೋಲು. ವಿಶ್ವಕಪ್ ಲೆಕ್ಕ ಸೊನ್ನೆ.

ಆಮೇಲೆ ಕ್ರೊಯೇಷಿಯಾದ ಜಾಗ್ರೆಬ್, ಮತ್ತೆ ಜಪಾನಿನಲ್ಲಿ ಕ್ಯೋಟೊ, ಕೋಬೆ, 2005ರಿಂದ ಯೊಕೊಹಾಮಾ ಎಫ್‌ಸಿ. 2011ರ ಭೂಕಂಪ, ಸುನಾಮಿ ಆದ ಹದಿನೆಂಟೇ ದಿನಕ್ಕೆ ಒಸಾಕಾದಲ್ಲಿ ಸಹಾಯಾರ್ಥ ಪಂದ್ಯ ನಡೆಯಿತು. ಜೆ-ಲೀಗ್ ತಂಡದ ಪರ ಗೋಲು ಹೊಡೆದದ್ದು 44 ವರ್ಷದ ಕಜು. ಅಂಥ ದುಃಖದ ಹೊತ್ತಲ್ಲಿ ಕುಣಿಯೋದಾ ಬೇಡ್ವಾ? ಕುಣಿದರು. ಸ್ಟೇಡಿಯಂ ಎದ್ದು ನಿಂತಿತು.

2017ರ ಮಾರ್ಚ್ 12ರಂದು, 50 ವರ್ಷ 14 ದಿನದ ವಯಸ್ಸಿನಲ್ಲಿ, ಎರಡನೇ ದರ್ಜೆ ಲೀಗಿನಲ್ಲಿ ಗುನ್ಮಾ ತಂಡದ ವಿರುದ್ಧ ಗೋಲು. ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಐವತ್ತು ವರ್ಷ ಐದು ದಿನಕ್ಕೆ ಆಡಿದ ದಾಖಲೆಯನ್ನು ಅದರ ಹಿಂದಿನ ವಾರವೇ ಮುರಿದಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ, 53ಕ್ಕೆ, ಮೊದಲ ದರ್ಜೆಯಲ್ಲೇ ಕ್ಯಾಪ್ಟನ್ ಆಗಿ ಇಳಿದರು. ಅಲ್ಲಿ ಆಡಿದ ಅತಿ ಹಿರಿಯ ಆಟಗಾರನೆಂಬ ದಾಖಲೆ ಮುರಿದರು, ಅದು ಯಾರದು ಗೊತ್ತಾ? ನಕಾಯಾಮಾ ಅವರದೇ.

2023ರಲ್ಲಿ, 56ಕ್ಕೆ, ಪೋರ್ಚುಗಲ್‌ನ ಎರಡನೇ ದರ್ಜೆಯಲ್ಲಿ ಒಲಿವೆರೆನ್ಸೆ ಪರ ಆಡಿದರು. ಆ ವಯಸ್ಸಿಗೆ ಬಹಳಷ್ಟು ನಿಮಿಷ ಬೆಂಚಿನಲ್ಲೇ ಕಳೆಯುತ್ತವೆ. ಸುಮ್ನೆ ಟಿಕೆಟ್ ಮಾರಲು ಇಟ್ಟುಕೊಂಡಿದ್ದಾರೆ ಅನ್ನುವವರೂ ಇದ್ದಾರೆ. ಇರಲಿ ಬಿಡಿ.

ಯೊಕೊಹಾಮಾದಲ್ಲಿದ್ದಾಗ ಕ್ಲಬ್ಬಿನವರಿಗೆ ಒಂದು ರೂಢಿಯಿತ್ತು. ಜನವರಿ 11ನೇ ತಾರೀಖು, ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಸರಿಯಾಗಿ ಒಂದು ಪ್ರಕಟಣೆ ಹೊರಡುತ್ತಿತ್ತು. 11ನೇ ನಂಬರಿನವರು ಈ ವರ್ಷವೂ ಆಡುತ್ತಾರೆ ಅಂತ.